ಆಸ್ಪತ್ರೆಯ ಬಾಗಿಲಿಗೆ ಬಾರದವರು

1971ನೆಯ ಇಸವಿಯ ಸೆಪ್ಟೆಂಬರ್ ತಿಂಗಳು. ವಿಯೆಟ್ನಾಮಿನ ರಣಭೂಮಿಯಲ್ಲಿ ತನ್ನ ಒಂದು ವರ್ಷದ ಸೇವಾವಧಿಯನ್ನು ಮುಗಿಸಿ, ಜೀವವೊಂದು ಉಳಿಯಿತಲ್ಲ ಎಂಬ ಸಮಾಧಾನದಿಂದ ಊರಿಗೆ ಹೊರಟು ನಿಂತ ಅಮೆರಿಕದ ಸೈನಿಕನಿಗೆ ವಿಮಾನವೇರುವ ಮುನ್ನ ಇನ್ನೊಂದು ಪರೀಕ್ಷೆ ಕಾದಿರುತ್ತಿತ್ತು. ಮೇಲ್ವಿಚಾರಕನ ಕಣ್ಣೆದುರಿಗೇ ಅವನು ಸೀಸೆಯೊಂದರಲ್ಲಿ ತನ್ನ ಮೂತ್ರವನ್ನು ಹಿಡಿದು ಕೊಡಬೇಕು. ಪ್ರಯೋಗಶಾಲೆಯಲ್ಲಿ ಅದರೊಳಗೆ ಹೆರಾಯಿನ್ನಿನ ಸುಳಿವು ಕಂಡುಬಂದಿತೆಂದರೆ ಅಂದಿನ ವಿಮಾನ ಅವನ ಪಾಲಿಗಿಲ್ಲ. ಕೆಲವು ದಿನಗಳ ಕಾಲ ಶಿಬಿರದಲ್ಲಿ ಉಳಿದು, ಶರೀರದಿಂದ ಆ ವಿಷವೆಲ್ಲ ಇಳಿದ ಮೇಲೆಯೇ ಅವನಿಗೆ ಪ್ರಯಾಣ. ಪರೀಕ್ಷೆಯುಂಟೆಂಬುದು ಎಲ್ಲರಿಗೂ ಮೊದಲೇ ತಿಳಿದ ಸಂಗತಿ. ನಾಲ್ಕು ದಿನ ಕೈ ಬಿಗಿಹಿಡಿದರೆ ಸಾಕು, ಪಾರಾಗಬಹುದಾಗಿತ್ತು. ಆದರೂ ಆ ಒಂದು ತಿಂಗಳಲ್ಲಿ ಹಿಂದಿರುಗಿದ ಭೂಸೇನೆಯ ಸುಮಾರು 13,700 ಮಂದಿ ಸಾಮಾನ್ಯ ಸೈನಿಕರ ಪೈಕಿ ಸುಮಾರು 1,400 ಮಂದಿ ಸಿಕ್ಕಿಬಿದ್ದರು.

ಹೆರಾಯಿನ್ ಎಂಬುದು ಅಫೀಮಿನ ಸಾರದಿಂದ ತಯಾರಾಗುವ ಬಿಳಿಯ ಪುಡಿ. 1970ರಿಂದೀಚೆಗೆ ಅದು ವಿಯೆಟ್ನಾಮಿನ ಸೈನಿಕ ಶಿಬಿರಗಳ ಸುತ್ತ ಪುಟ್ಟ ಪುಟ್ಟ ಸೀಸೆಗಳಲ್ಲಿ ಕೆಲವೇ ಡಾಲರುಗಳಿಗೆ ಬಿಕರಿಯಾಗುತ್ತಿತ್ತು. ಅಮೆರಿಕದ ಬೀದಿಗಳಲ್ಲಿ ಹತ್ತು ಕೈ ಬೆರಕೆಯಾಗಿ ಬರುವ ಸರಕಿನಂತಲ್ಲ, ಬಹುಮಟ್ಟಿಗೆ ಶುದ್ಧವಾದುದು. ಆದುದರಿಂದ ಸೂಜಿಮದ್ದಿನ ಗೊಡವೆಯೂ ಬೇಕಿರಲಿಲ್ಲ. ಸಿಗರೇಟಿನ ಹೊಗೆಸೊಪ್ಪಿನೊಡನೆ ಸೇರಿಸಿ ಸೇದಿದರೆ ಸಾಕಾಗುತ್ತಿತ್ತು. ಇಪ್ಪತ್ತರ ಆಸುಪಾಸಿನ ಹುಡುಗರು. ಮನೆಯಿಂದ ಸಾವಿರಾರು ಮೈಲಿ ದೂರ. ಒಂದು ದಿನ ಭಯ, ಮರುದಿನ ಮಾಡಲು ಕೆಲಸವಿಲ್ಲದ ಬೇಸರ. ಮುಂದಿನದನ್ನು ಊಹಿಸುವುದು ಕಷ್ಟವಲ್ಲ.

ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಇಬ್ಬರು ಸದಸ್ಯರು ವಿಯೆಟ್ನಾಮಿಗೆ ಹೋಗಿಬಂದು, ಅಲ್ಲಿರುವ ಸೈನಿಕರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿ ಹೆರಾಯಿನ್ ವ್ಯಸನಿಗಳೆಂದು ವರದಿ ಮಾಡಿದಾಗ ದೇಶವೇ ಬೆಚ್ಚಿಬಿದ್ದಿತು. ಜೂನ್ 17ರಂದು ಅಧ್ಯಕ್ಷ ನಿಕ್ಸನ್ ಅವರು ಮಾದಕ ವ್ಯಸನವನ್ನು ರಾಷ್ಟ್ರದ ಪ್ರಥಮ ಶತ್ರುವೆಂದು ಸಾರಿ, ಅದರ ನಿವಾರಣೆಗೆಂದೇ ಒಂದು ವಿಶೇಷ ಕಚೇರಿಯನ್ನು ಸ್ಥಾಪಿಸಿದರು. ಭಯಕ್ಕೆ ಕಾರಣವಿತ್ತು. ಹೆರಾಯಿನ್ನಿಗೆ ಒಮ್ಮೆ ದಾಸನಾದವನು ಜೀವಮಾನಪರ್ಯಂತ ದಾಸನೇ ಎಂಬುದು ಆ ಕಾಲದ ವೈದ್ಯಶಾಸ್ತ್ರದ ಒಪ್ಪಿತ ಮಾತು. ವ್ಯಸನಿಗಳಿಗೆಂದೇ ಸರ್ಕಾರವು 1935ರಲ್ಲಿ ಕೆಂಟಕಿ ಸಂಸ್ಥಾನದ ಲೆಕ್ಸಿಂಗ್‌ಟನ್ನಿನಲ್ಲಿ ತೆರೆದಿದ್ದ ದೊಡ್ಡ ಆಸ್ಪತ್ರೆಯಿಂದ ಗುಣಹೊಂದಿ ಹೊರಬಿದ್ದವರಲ್ಲಿ ಹೆಚ್ಚಿನವರು ಮತ್ತೆ ಅದೇ ಹಾದಿ ಹಿಡಿಯುತ್ತಿದ್ದುದನ್ನು ವೈದ್ಯರು ಕಣ್ಣಾರೆ ಕಂಡಿದ್ದರು. ಇನ್ನು ಬಂದೂಕು ಹಿಡಿದು ಪಳಗಿದ ಸಹಸ್ರಾರು ತರುಣರು ಇದೇ ಚಟವನ್ನು ಹೊತ್ತು ಊರೂರಿಗೆ ಹಿಂದಿರುಗಿದರೆ ಗತಿಯೇನು?

ವಿಶೇಷ ಕಚೇರಿಯ ಮುಖ್ಯಸ್ಥರಾದ ಮನೋವೈದ್ಯ ಜೆರೋಮ್ ಜಾಫೆ ಅವರಿಗೆ ಊಹಾಪೋಹಗಳು ಬೇಕಿರಲಿಲ್ಲ. ಈ ಹುಡುಗರು ಮನೆಗೆ ಹೋದ ಮೇಲೆ ನಿಜವಾಗಿ ಏನಾಗುತ್ತಾರೆ, ಅದನ್ನು ಯಾರಾದರೂ ಹೋಗಿ ನೋಡಿ ಬರಬೇಕು ಎಂದು ಅವರು ನಿಶ್ಚಯಿಸಿದರು. ಆ ಕೆಲಸಕ್ಕೆ ಅವರು ಆರಿಸಿದ್ದು ವೈದ್ಯರನ್ನಲ್ಲ, ಸೈನ್ಯಾಧಿಕಾರಿಯನ್ನೂ ಅಲ್ಲ. ಸೇಂಟ್ ಲೂಯಿಸ್ ನಗರದ ಸಮಾಜಶಾಸ್ತ್ರಜ್ಞೆಯೊಬ್ಬರನ್ನು. ಆಕೆಯ ಹೆಸರು ಲೀ ರಾಬಿನ್ಸ್.

ಹಳೆಯ ಕಡತಗಳ ಮಕ್ಕಳು

ಲೀ ನೆಲ್ಕೆನ್ ಹುಟ್ಟಿದ್ದು 1922ರಲ್ಲಿ, ಅಮೆರಿಕದ ದಕ್ಷಿಣದ ಬಂದರು ನಗರವಾದ ನ್ಯೂ ಆರ್ಲಿಯನ್ಸಿನಲ್ಲಿ. ರಾಡ್‌ಕ್ಲಿಫ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1951ರಲ್ಲಿ ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅಷ್ಟರಲ್ಲಿ ಮನೋವೈದ್ಯ ಎಲೈ ರಾಬಿನ್ಸ್ ಅವರ ಕೈಹಿಡಿದು ಸೇಂಟ್ ಲೂಯಿಸಿಗೆ ಬಂದಾಗಿತ್ತು. ನಾಲ್ವರು ಗಂಡುಮಕ್ಕಳ ತಾಯಿ. 1954ರಿಂದ ಅಲ್ಲಿನ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದ ಮನೋವೈದ್ಯ ವಿಭಾಗದಲ್ಲಿ ಆಕೆಯ ಸಂಶೋಧನೆ ಆರಂಭವಾಯಿತು. ವೈದ್ಯರ ನಡುವೆ ವೈದ್ಯಳಲ್ಲದವಳು. ಪುರುಷರ ನಡುವೆ ಹೆಂಗಸು.

ಆ ವಿಭಾಗವೂ ಕಾಲದ ಪ್ರವಾಹಕ್ಕೆ ಎದುರಾಗಿ ನಿಂತಿತ್ತು. ಅಂದು ಅಮೆರಿಕದ ಮನೋವೈದ್ಯವೆಂದರೆ ಬಹುಮಟ್ಟಿಗೆ ಫ್ರಾಯ್ಡನ ಶಿಷ್ಯರ ಸಾಮ್ರಾಜ್ಯ. ರೋಗಿಯು ಸೋಫಾದ ಮೇಲೆ ಮಲಗಿ ಕನಸುಗಳನ್ನು ಹೇಳಬೇಕು, ವೈದ್ಯನು ಅರ್ಥ ಬಿಡಿಸಬೇಕು. ಸೇಂಟ್ ಲೂಯಿಸಿನವರಿಗೆ ಈ ವ್ಯಾಖ್ಯಾನಗಳಲ್ಲಿ ನಂಬಿಕೆಯಿರಲಿಲ್ಲ. ಕಂಡ ಲಕ್ಷಣಗಳನ್ನು ಬರೆ, ಎಣಿಸು, ಹತ್ತಾರು ವರ್ಷ ಬಿಟ್ಟು ಮತ್ತೆ ಹೋಗಿ ನೋಡು: ಇದು ಅವರ ಮಾರ್ಗ. ಎಲೈ ರಾಬಿನ್ಸ್ ಅವರು ಆ ನಗರದಲ್ಲಿ ಸಂಭವಿಸಿದ 134 ಆತ್ಮಹತ್ಯೆಗಳನ್ನು ಒಂದೊಂದಾಗಿ ವಿಚಾರಿಸಿ, ಅವುಗಳಲ್ಲಿ ಬಹುಪಾಲಿನ ಹಿಂದೆ ಮನೋವಿಷಾದ ಅಥವಾ ಮದ್ಯವ್ಯಸನ ಇದ್ದುದನ್ನು 1959ರಲ್ಲಿ ತೋರಿಸಿಕೊಟ್ಟಿದ್ದರು. ಮನಸ್ಸಿನ ಬೇನೆಯೂ ಮಾದಕದ ಚಟವೂ ಒಂದನ್ನೊಂದು ಹೇಗೆ ಹೆಣೆದುಕೊಂಡಿವೆ ಎಂಬ ಪ್ರಶ್ನೆ ಆ ಮನೆಯ ಊಟದ ಮೇಜಿನ ಮೇಲೂ ಇದ್ದಿರಬೇಕು.

ಲೀ ರಾಬಿನ್ಸ್ ಅವರ ಕೈಗೆ ಬಂದ ಮೊದಲ ಕೆಲಸವು ಧೂಳು ತುಂಬಿದ್ದು. 1920ರ ದಶಕದಲ್ಲಿ ಸೇಂಟ್ ಲೂಯಿಸಿನ ಪೌರಸಭೆಯು ಮಕ್ಕಳಿಗಾಗಿ ಒಂದು ಮನೋಚಿಕಿತ್ಸಾಲಯವನ್ನು ನಡೆಸುತ್ತಿತ್ತು. ಕಳ್ಳತನ ಮಾಡಿದ ಮಕ್ಕಳು, ಶಾಲೆ ತಪ್ಪಿಸಿ ಅಲೆದವರು, ಮನೆ ಬಿಟ್ಟು ಓಡಿದವರು, ಹಾಗೆಯೇ ಅಂಜುಬುರುಕರು, ಉಗುರು ಕಚ್ಚುವವರು, ನಿದ್ದೆಯಲ್ಲಿ ಬೆಚ್ಚುವವರು ಎಲ್ಲರನ್ನೂ ಅಲ್ಲಿಗೆ ಕರೆತರುತ್ತಿದ್ದರು. ಅವರ ಕಡತಗಳು ಮೂವತ್ತು ವರ್ಷಗಳಿಂದ ಹಾಗೆಯೇ ಬಿದ್ದಿದ್ದವು. ಆ ಮಕ್ಕಳು ಈಗ ನಡುವಯಸ್ಸಿನವರಾಗಿರಬೇಕು. ಅವರು ಏನಾದರು?

ಇದು ಕೇಳುವುದಕ್ಕೆ ಸುಲಭವಾದ ಪ್ರಶ್ನೆ. ಉತ್ತರ ಹುಡುಕುವುದು ಪತ್ತೇದಾರನ ಕೆಲಸ. 524 ಮಂದಿ ರೋಗಿಗಳು. ಅವರೊಡನೆ ಹೋಲಿಸಿ ನೋಡಲು, ಅದೇ ಓಣಿಗಳ, ಅದೇ ವಯಸ್ಸಿನ, ಅದೇ ಮಟ್ಟದ ಬುದ್ಧಿಯ, ಆದರೆ ಶಾಲೆಯಲ್ಲಿ ಯಾವ ತೊಂದರೆಯನ್ನೂ ಕೊಡದಿದ್ದ 100 ಮಂದಿ. ಹುಡುಗಿಯರು ಮದುವೆಯಾಗಿ ಹೆಸರು ಬದಲಾಯಿಸಿದ್ದರು. ಹುಡುಗರು ಯುದ್ಧಕ್ಕೆ ಹೋಗಿದ್ದರು, ಊರು ಬಿಟ್ಟಿದ್ದರು, ಜೈಲು ಸೇರಿದ್ದರು, ಕೆಲವರು ಸತ್ತಿದ್ದರು. ದೂರವಾಣಿ ಪಟ್ಟಿಗಳು, ವಿವಾಹದ ದಾಖಲೆಗಳು, ಪೊಲೀಸರ ಕಡತಗಳು, ಸೈನ್ಯದ ದಫ್ತರಗಳು, ಮರಣಪತ್ರಗಳು ಎಲ್ಲವನ್ನೂ ಜಾಲಾಡಿ, ಲೀ ರಾಬಿನ್ಸ್ ಮತ್ತು ಆಕೆಯ ಸಂಗಡಿಗರು ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ಜಾಡನ್ನು ಹಿಡಿದರು. ಕುಟುಂಬದಲ್ಲಿ ದೂರದ ಚಿಕ್ಕಪ್ಪನೊಬ್ಬನ ವಿಳಾಸ ತಪ್ಪಿಹೋದರೆ ಮತ್ತೆ ಪತ್ತೆಹಚ್ಚಲು ನಾವೆಷ್ಟು ಒದ್ದಾಡುತ್ತೇವೆಂಬುದನ್ನು ಬಲ್ಲ ವಾಚಕರು ಈ ಸಂಖ್ಯೆಯ ಬೆಲೆಯನ್ನು ಅರಿಯಬಲ್ಲರು.

1966ರಲ್ಲಿ ಈ ಅಧ್ಯಯನವು ಪುಸ್ತಕವಾಗಿ ಹೊರಬಂದಾಗ ಅದರಲ್ಲಿದ್ದ ಸುದ್ದಿ ಅನೇಕರ ನಿರೀಕ್ಷೆಗೆ ವಿರುದ್ಧವಾಗಿತ್ತು. ಅಂಜುಬುರುಕರಾಗಿದ್ದ, ನಾಚಿಕೆಯ ಮಕ್ಕಳು ಬೆಳೆದು ಬಹುಮಟ್ಟಿಗೆ ನೆಟ್ಟಗೇ ಆಗಿದ್ದರು. ತಾಯಂದಿರು ಅವರ ಬಗ್ಗೆ ಸುರಿಸಿದ ಕಣ್ಣೀರು ಬಹುಪಾಲು ವ್ಯರ್ಥ. ಚಿಂತಿಸಬೇಕಾಗಿದ್ದುದು ಕದಿಯುವ, ಹೊಡೆದಾಡುವ, ಮನೆಬಿಟ್ಟೋಡುವ ಮಕ್ಕಳ ಬಗ್ಗೆ. ದೊಡ್ಡವರಾದ ಮೇಲೆ ಅವರಲ್ಲಿ ಕುಡಿತ, ಜಗಳ, ಕೆಲಸ ನಿಲ್ಲದಿರುವುದು, ಸಂಸಾರ ಒಡೆಯುವುದು ಎಲ್ಲವೂ ಗುಂಪುಗುಂಪಾಗಿ ಕಾಣಿಸಿಕೊಂಡವು. ಬಾಲ್ಯದಲ್ಲಿ ಇಂಥ ಸುಳಿವೇ ಇಲ್ಲದವನು ನಡುವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸಮಾಜಘಾತುಕನಾಗಿ ಪರಿಣಮಿಸಿದ ಉದಾಹರಣೆಗಳು ಸಿಗಲಿಲ್ಲವೆನ್ನಬಹುದು.

ಆದರೆ ಅದೇ ಅಂಕಿಗಳನ್ನು ಇನ್ನೊಂದು ಕಡೆಯಿಂದ ಓದಿ ನೋಡಿದಾಗ ಬೇರೊಂದು ಚಿತ್ರ ಮೂಡಿತು. ಪುಂಡರೆಂದು ಚಿಕಿತ್ಸಾಲಯಕ್ಕೆ ಎಳೆದು ತಂದಿದ್ದ ಮಕ್ಕಳಲ್ಲಿ ಮುಂದೆ ಸಂಪೂರ್ಣವಾಗಿ ಕೆಟ್ಟುಹೋದವರು ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ. ಉಳಿದವರಿಗೆ ಬೇರೆ ತೊಂದರೆಗಳಿದ್ದುವೇನೋ ಸರಿ. ಆ ಹಾದಿಯಲ್ಲಿ ಮಾತ್ರ ಕೊನೆಯವರೆಗೆ ಹೋಗಲಿಲ್ಲ. ಸೆರೆಮನೆಯಲ್ಲಿ ಕುಳಿತವನ ಕಡೆಯಿಂದ ಹಿಂದಿರುಗಿ ನೋಡಿದರೆ ಅವನ ಬಾಲ್ಯವೆಲ್ಲ ಕತ್ತಲೆ. ಬಾಲಕನ ಕಡೆಯಿಂದ ಮುಂದಕ್ಕೆ ನೋಡಿದರೆ ಹಾದಿಗಳು ಹಲವು. ಮಡುವಿನಿಂದ ಹೆಣಗಳನ್ನು ಎತ್ತುವವನಿಗೆ ಆ ಹೊಳೆಯನ್ನು ಈಜಿ ದಾಟಿದವರ ಲೆಕ್ಕ ತಿಳಿಯುವುದಿಲ್ಲ. ಲೀ ರಾಬಿನ್ಸ್ ಆ ಲೆಕ್ಕವನ್ನು ಹಿಡಿಯಹೊರಟರು.

ಮರುವರ್ಷ, 1967ರಲ್ಲಿ, ಆಕೆ ಮತ್ತು ಸಹೋದ್ಯೋಗಿಯೊಬ್ಬರು ಇದೇ ಉಪಾಯವನ್ನು ಮಾದಕ ಪದಾರ್ಥಗಳಿಗೆ ಹಚ್ಚಿ ನೋಡಿದ್ದನ್ನು ಪ್ರಕಟಿಸಿದರು. ಆಸ್ಪತ್ರೆಯನ್ನೂ ಸೆರೆಮನೆಯನ್ನೂ ಬಿಟ್ಟು, ಶಾಲೆಯ ಹಳೆಯ ಹಾಜರಿ ಪುಸ್ತಕಗಳಿಂದ 1930ರ ದಶಕದ ಆದಿಭಾಗದಲ್ಲಿ ಹುಟ್ಟಿದ 235 ಮಂದಿ ನೀಗ್ರೋ ತರುಣರನ್ನು, ಅಂದಿನ ಪ್ರಬಂಧ ಬಳಸಿದ ಮಾತಿನಲ್ಲೇ ಹೇಳುವುದಾದರೆ, ಆರಿಸಿಕೊಂಡು ಹುಡುಕಿದರು. ಅವರಲ್ಲಿ ಸುಮಾರು ಹತ್ತಕ್ಕೊಬ್ಬನು ಯಾವುದೋ ಒಂದು ಕಾಲದಲ್ಲಿ ಹೆರಾಯಿನ್ ವ್ಯಸನಿಯಾಗಿದ್ದನು. ಆಸ್ಪತ್ರೆಯ ಕಡತಗಳಿಂದ ಇವರನ್ನು ಯಾರೂ ಎಣಿಸಲಾಗುತ್ತಿರಲಿಲ್ಲ. ಶಾಲೆಯ ಹಾಜರಿ ಪುಸ್ತಕದಿಂದ ಎಣಿಸಲು ಸಾಧ್ಯವಾಯಿತು. ಜಾಫೆ ಅವರ ಗಮನ ಸೇಂಟ್ ಲೂಯಿಸಿನ ಕಡೆಗೆ ಹರಿದುದು ಇಂಥ ಅಧ್ಯಯನಗಳನ್ನು ಮಾಡಬಲ್ಲವರು ಆಗ ಬೆರಳೆಣಿಕೆಯಷ್ಟೇ ಇದ್ದುದರಿಂದ.

ಯಾರೂ ನಂಬದ ವರದಿ

ಸೈನಿಕರ ಅಧ್ಯಯನದಲ್ಲಿ ಲೀ ರಾಬಿನ್ಸ್ ಮಾಡಿದ ಮೊದಲ ಜಾಣತನವೆಂದರೆ ಸಿಕ್ಕಿಬಿದ್ದವರನ್ನಷ್ಟೇ ಹಿಂಬಾಲಿಸದೆ ಹೋದದ್ದು. 1971ರ ಸೆಪ್ಟೆಂಬರಿನಲ್ಲಿ ಹಿಂದಿರುಗಿದ ಸಾಮಾನ್ಯ ಸೈನಿಕರೆಲ್ಲರ ಪಟ್ಟಿಯಿಂದ ಸುಮಾರು 470 ಮಂದಿಯನ್ನು ಚೀಟಿಯೆತ್ತಿದಂತೆ ಆರಿಸಿದರು. ಇವರು ಇಡೀ ಸೈನ್ಯದ ಪ್ರತಿಬಿಂಬ. ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಪಟ್ಟಿಯಿಂದ ಬೇರೆಯಾಗಿ ಸುಮಾರು 500 ಮಂದಿಯನ್ನು ಆರಿಸಿದರು. 1972ರಲ್ಲಿ, ಅವರು ಮನೆ ಸೇರಿ ಎಂಟರಿಂದ ಹನ್ನೆರಡು ತಿಂಗಳಾದ ಮೇಲೆ, ಸಂದರ್ಶಕರು ಅಮೆರಿಕದ ಮೂಲೆಮೂಲೆಗಳಿಗೆ ಹೊರಟರು. ಒಟ್ಟು 898 ಮಂದಿ ಮಾತನಾಡಿದರು. ಕೇಳಿದವರಲ್ಲಿ ನೂರಕ್ಕೆ 96ರಷ್ಟು ಜನ ಸಿಕ್ಕಿದರೆಂದರೆ, ಈ ಬಗೆಯ ಕೆಲಸದಲ್ಲಿ ಅದು ಅಚ್ಚರಿಯೇ ಸರಿ. ಹೆಸರನ್ನು ಗೋಪ್ಯವಾಗಿಡುವ ಭರವಸೆಯಿತ್ತು. ಮಾತೆಲ್ಲ ಮುಗಿದ ಬಳಿಕ ಮತ್ತೊಮ್ಮೆ ಸೀಸೆಯನ್ನು ಮುಂದಿಟ್ಟು ಮೂತ್ರವನ್ನು ಕೇಳುತ್ತಿದ್ದರು. ಹೇಳಿದ್ದಕ್ಕೂ ಸೀಸೆಯೊಳಗಿನ ಸಾಕ್ಷ್ಯಕ್ಕೂ ತಾಳೆಯಾಗುವುದೇ ಎಂದು ನೋಡಬೇಕಲ್ಲ!

ಮೊದಲ ಸುದ್ದಿ ಭಯವನ್ನು ಹೆಚ್ಚಿಸುವಂತಹುದೇ. ರಾಜಕಾರಣಿಗಳ ಅಂದಾಜು ಅತಿಶಯವಾಗಿರಲಿಲ್ಲ, ಕಡಿಮೆಯೇ ಆಗಿತ್ತು. ವಿಯೆಟ್ನಾಮಿನಲ್ಲಿ ಸೈನಿಕರ ಪೈಕಿ ಸುಮಾರು ಅರ್ಧದಷ್ಟು ಜನ ಅಫೀಮನ್ನೋ ಹೆರಾಯಿನ್ನನ್ನೋ ರುಚಿ ನೋಡಿದ್ದರು. ನೂರಕ್ಕೆ ಸುಮಾರು 20 ಮಂದಿ ತಾವು ಅದಕ್ಕೆ ದಾಸರಾಗಿದ್ದೆವೆಂದು ಒಪ್ಪಿಕೊಂಡರು. ಅದು ಸಿಗದಿದ್ದಾಗ ಮೈನೋವು, ಬೆವರು, ನಿದ್ರಾಹೀನತೆ, ಹೊಟ್ಟೆಯ ಸಂಕಟ ಎಲ್ಲವನ್ನೂ ಅನುಭವಿಸಿದವರು ಇವರು.

ಎರಡನೆಯ ಸುದ್ದಿಯನ್ನು ಯಾರೂ ನಿರೀಕ್ಷಿಸಿರಲಿಲ್ಲ. ಅಲ್ಲಿ ಹೀಗೆ ದಾಸರಾಗಿದ್ದವರಲ್ಲಿ ಸ್ವದೇಶಕ್ಕೆ ಬಂದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ ಐದು ಮಂದಿ. ಉಳಿದ ತೊಂಬತ್ತೈದು ಮಂದಿ ಮತ್ತೆ ದಾಸರಾಗಲಿಲ್ಲ. 1974ರಲ್ಲಿ, ಮೂರು ವರ್ಷಗಳಾದ ಬಳಿಕ, ಮತ್ತೊಮ್ಮೆ ಹೋಗಿ ವಿಚಾರಿಸಿದಾಗಲೂ ಆ ಮೂರು ವರ್ಷಗಳ ಒಳಗೆ ಯಾವಾಗಲಾದರೂ ಮತ್ತೆ ಸಿಲುಕಿದವರು ನೂರಕ್ಕೆ ಹನ್ನೆರಡು ಮಂದಿ. ಅವರಲ್ಲಿಯೂ ಅನೇಕರಿಗೆ ಅದು ಅಲ್ಪಕಾಲದ್ದು. ಇವರಲ್ಲಿ ಬಹುತೇಕರು ಯಾವ ಚಿಕಿತ್ಸಾಲಯದ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಊರಲ್ಲಿ ಹೆರಾಯಿನ್ ಸಿಗಲಿಲ್ಲ, ಆದುದರಿಂದ ಬಿಟ್ಟರು ಎನ್ನೋಣವೇ? ಹಾಗಲ್ಲ. ವ್ಯಸನಿಗಳಾಗಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅಮೆರಿಕಕ್ಕೆ ಬಂದ ಮೇಲೆಯೂ ಅದನ್ನು ಒಂದಲ್ಲ ಒಂದು ಬಾರಿ ಮುಟ್ಟಿದ್ದರು. ಮುಟ್ಟಿದರೂ ಮುಳುಗಲಿಲ್ಲ. ಒಂದು ಬಾರಿ ನಾಲಗೆಗೆ ತಗುಲಿತೆಂದರೆ ಮುಗಿಯಿತು ಎಂಬ ಶಾಸ್ತ್ರವಾಕ್ಯಕ್ಕೆ ಇದಕ್ಕಿಂತ ನೇರವಾದ ಪ್ರತ್ಯುತ್ತರ ಬೇರೊಂದು ಬೇಕಿರಲಿಲ್ಲ.

ವರದಿಗೆ ದೊರೆತ ಸ್ವಾಗತ ತಣ್ಣನೆಯದು. ಯುದ್ಧವನ್ನು ವಿರೋಧಿಸುತ್ತಿದ್ದವರಿಗೆ ಇದು ಸೈನ್ಯದ ಕಳಂಕವನ್ನು ತೊಳೆಯುವ ಸರ್ಕಾರಿ ತಂತ್ರದಂತೆ ಕಂಡಿತು. ವ್ಯಸನಿಗಳಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಗೆ ತಮ್ಮ ನಿತ್ಯದ ಅನುಭವಕ್ಕೇ ಇದು ವಿರುದ್ಧವಾಗಿತ್ತು. ತಮ್ಮ ಮುಂದೆ ಕುಳಿತವರು ಬಿಡಲಾರದೆ ಗೋಳಾಡುತ್ತಿರುವಾಗ ತಾವಾಗಿ ಬಿಟ್ಟವರಿದ್ದಾರೆಂದರೆ ನಂಬುವುದು ಹೇಗೆ? ಸೈನಿಕರು ಸುಳ್ಳು ಹೇಳಿದ್ದಾರೆ ಎಂದರು ಕೆಲವರು. ಸೈನ್ಯದ ದಾಖಲೆಗಳಲ್ಲಿ ಸಿಕ್ಕಿಬಿದ್ದವರೆಂದು ನಮೂದಾಗಿದ್ದವರಲ್ಲಿ ಬಹುತೇಕ ಎಲ್ಲರೂ ಸಂದರ್ಶಕರ ಮುಂದೆ ಮುಚ್ಚುಮರೆಯಿಲ್ಲದೆ ಅದನ್ನು ಹೇಳಿದ್ದರೆಂಬ ಉತ್ತರ ಲೀ ರಾಬಿನ್ಸ್ ಅವರ ಬಳಿ ಸಿದ್ಧವಾಗಿತ್ತು. ಆದರೂ ಇಪ್ಪತ್ತು ವರ್ಷಗಳ ಮೇಲೆ, 1993ರಲ್ಲಿ, ಆಕೆ ಮತ್ತೊಮ್ಮೆ ಒಂದು ದೀರ್ಘ ಪ್ರಬಂಧದಲ್ಲಿ ಇದೇ ವಿಷಯವನ್ನೆತ್ತಿಕೊಂಡು, ಆ ಸೈನಿಕರ ಚೇತರಿಕೆ ಆಕಸ್ಮಿಕವೋ ಅಥವಾ ಸಹಜವಾಗಿ ನಿರೀಕ್ಷಿಸಬೇಕಾದದ್ದೋ ಎಂದು ಚರ್ಚಿಸಬೇಕಾಯಿತು.

ಕಾರಣವೇನು ಎಂಬುದಕ್ಕೆ ಜನಪ್ರಿಯವಾದ ಉತ್ತರವೊಂದಿದೆ. ಯುದ್ಧಭೂಮಿಯ ಭೀತಿ, ಆ ಗೆಳೆಯರು, ಆ ಮರಳಿನ ಚೀಲಗಳ ನಡುವಿನ ಸಂಜೆಗಳು ಇವೇ ಚಟಕ್ಕೆ ಆಧಾರವಾಗಿದ್ದವು. ಊರಿಗೆ ಬಂದೊಡನೆ ಆಧಾರ ಕಳಚಿತು, ಚಟವೂ ಬಿದ್ದಿತು ಎಂಬುದು ಆ ಉತ್ತರ. ಅದರಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೆ ಲೀ ರಾಬಿನ್ಸ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ಸೈನ್ಯಕ್ಕೆ ಸೇರದೆ ಊರಲ್ಲೇ ಉಳಿದಿದ್ದ ಅದೇ ವಯಸ್ಸಿನ 284 ಮಂದಿ ತರುಣರನ್ನೂ ಎರಡನೆಯ ಬಾರಿಯ ಅಧ್ಯಯನದಲ್ಲಿ ಸೇರಿಸಿಕೊಂಡು ಹೋಲಿಸಿ ನೋಡಿದರು. ಹಿಂದಿರುಗಿದ ಮೇಲೆ ಯಾರು ತೊಂದರೆಗೆ ಸಿಲುಕಿದರು ಎಂಬುದನ್ನು ಯುದ್ಧದ ಅನುಭವಕ್ಕಿಂತ ಹೆಚ್ಚಾಗಿ, ಸೈನ್ಯಕ್ಕೆ ಸೇರುವ ಮೊದಲು ಆ ಹುಡುಗ ಹೇಗಿದ್ದ ಎಂಬುದೇ ಸೂಚಿಸುತ್ತಿತ್ತು. ಶಾಲೆ ತಪ್ಪಿಸಿದವನು, ಹೊಡೆದಾಡಿದವನು, ಚಿಕ್ಕಂದಿನಲ್ಲೇ ಕುಡಿದವನು: ಸೇಂಟ್ ಲೂಯಿಸಿನ ಹಳೆಯ ಕಡತಗಳ ಬಾಲಕ ಇಲ್ಲಿ ಮತ್ತೊಮ್ಮೆ ಎದುರಾಗಿದ್ದ.

ಆಕೆಯ ತೀರ್ಮಾನದ ತಿರುಳು ಇದು. ಆಸ್ಪತ್ರೆಗೆ ಬರುವ ಹೆರಾಯಿನ್ ವ್ಯಸನಿಯು ಎಲ್ಲ ವ್ಯಸನಿಗಳ ಮಾದರಿಯಲ್ಲ. ಬಿಡಲು ಸಾಧ್ಯವಾದವನು ಬಿಟ್ಟು ತನ್ನ ಪಾಡಿಗೆ ಹೋಗಿಬಿಡುತ್ತಾನೆ. ಬಿಡಲಾರದವನು, ಜೊತೆಗೆ ಇನ್ನೂ ಹತ್ತು ತೊಡಕುಗಳನ್ನು ಹೊತ್ತವನು, ವೈದ್ಯನ ಬಾಗಿಲಿಗೆ ಬರುತ್ತಾನೆ. ವೈದ್ಯನು ಆ ಕೊನೆಯವನನ್ನು ನೋಡಿ ಶಾಸ್ತ್ರವನ್ನು ಬರೆದಿದ್ದನು. ಹೀಗೆಂದಮಾತ್ರಕ್ಕೆ ಹೆರಾಯಿನ್ ಸಾಧುವಾದ ವಸ್ತುವೆಂದು ಯಾರೂ ತಿಳಿಯಬಾರದು. ಒಂದು ವರ್ಷದಲ್ಲಿ ಐದರಲ್ಲಿ ಒಬ್ಬನನ್ನು ದಾಸನನ್ನಾಗಿಸಿದ ಪದಾರ್ಥ ಅದು. ಬಿಟ್ಟವರೆಲ್ಲ ಋಷಿಗಳಾಗಲೂ ಇಲ್ಲ. ಅಲ್ಲಿ ಹೆರಾಯಿನ್ನಿನಿಂದಾಗಿ ಬಾಟಲಿಯನ್ನು ಮರೆತಿದ್ದ ಕೆಲವರು ಊರಿಗೆ ಬಂದು ಮತ್ತೆ ಬಾಟಲಿಯನ್ನು ನೆನೆದರು. ನಾಗರಿಕ ಜೀವನದಲ್ಲಿ ಹೆರಾಯಿನ್ನನ್ನು ಮುಂದುವರಿಸಿದವರು ಅದರೊಡನೆ ಬೇರೆ ಬೇರೆ ಮಾತ್ರೆಗಳನ್ನೂ ಮದ್ಯವನ್ನೂ ಬೆರೆಸುತ್ತಿದ್ದುದೇ ಹೆಚ್ಚು ಎಂಬುದನ್ನೂ ಆಕೆ ದಾಖಲಿಸಿದ್ದಾರೆ.

ಮನೆಮನೆಯ ಪ್ರಶ್ನಾವಳಿ

1970ರ ದಶಕದ ಕೊನೆಯಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯು ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿತು. ದೇಶದಲ್ಲಿ ಎಷ್ಟು ಮಂದಿಗೆ ಯಾವ ಮನೋರೋಗವಿದೆ ಎಂಬುದನ್ನು ಮನೆಮನೆಗೆ ಹೋಗಿ ತಿಳಿಯಬೇಕು. ಸಾವಿರಾರು ಮನೆಗಳಿಗೆ ಮನೋವೈದ್ಯರನ್ನು ಕಳುಹಿಸುವುದೆಂತು? ಅಷ್ಟು ವೈದ್ಯರೇ ಇಲ್ಲ, ಇದ್ದರೂ ಒಬ್ಬನು ಖಿನ್ನತೆಯೆಂದದ್ದನ್ನು ಇನ್ನೊಬ್ಬನು ಸ್ವಭಾವವೆನ್ನುತ್ತಾನೆ. ವೈದ್ಯನಲ್ಲದ ಸಾಧಾರಣ ಸಂದರ್ಶಕನೂ ಓದಿ ಹೇಳಿ ಉತ್ತರವನ್ನು ಗುರುತು ಹಾಕಿಕೊಳ್ಳಬಲ್ಲಂತಹ, ಆದರೆ ವೈದ್ಯನ ನಿರ್ಣಯಕ್ಕೆ ಹತ್ತಿರವಾದ ಫಲವನ್ನು ಕೊಡುವ ಒಂದು ಪ್ರಶ್ನಾವಳಿ ಬೇಕಾಗಿತ್ತು. ಅದನ್ನು ರಚಿಸುವ ಹೊಣೆ ಲೀ ರಾಬಿನ್ಸ್, ಅವರ ಸಹೋದ್ಯೋಗಿ ಜಾನ್ ಹೆಲ್ಜರ್ ಮತ್ತು ಸಂಗಡಿಗರದಾಯಿತು. 1981ರಲ್ಲಿ ಅದರ ವಿವರ ಪ್ರಕಟವಾಯಿತು.

ಈ ಪ್ರಶ್ನಾವಳಿಯ ಒಂದು ಸೂಕ್ಷ್ಮ ಇಲ್ಲಿ ಹೇಳತಕ್ಕದ್ದು. ಎದೆ ಡವಗುಟ್ಟುತ್ತದೆ, ನಿದ್ದೆ ಬಾರದು ಎಂದು ಒಬ್ಬನು ಹೇಳಿದೊಡನೆ ಅದನ್ನು ಮನೋರೋಗದ ಲೆಕ್ಕಕ್ಕೆ ಬರೆದುಕೊಳ್ಳುವಂತಿಲ್ಲ. ಅದರಿಂದ ಜೀವನಕ್ಕೆ ಅಡ್ಡಿಯಾಯಿತೆ? ವೈದ್ಯರಿಗೆ ಹೇಳಿಕೊಂಡೆಯಾ? ಅದು ಯಾವಾಗಲೂ ದೇಹದ ಕಾಯಿಲೆಯಿಂದಲೇ ಬರುತ್ತಿತ್ತೆ? ಮದ್ಯ ಅಥವಾ ಔಷಧಗಳಿಂದಲೇ ಬರುತ್ತಿತ್ತೆ? ಹೀಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತ, ಕುಡಿತದ ಮರುದಿನದ ತಳಮಳವನ್ನು ನಿಜವಾದ ಆತಂಕರೋಗದಿಂದ ಬೇರ್ಪಡಿಸಬೇಕು. ಅಕ್ಕಿಯಿಂದ ಕಲ್ಲನ್ನು ಆರಿಸುವಂತಹ ಕೆಲಸ. ಮನೆಯಲ್ಲಿ ಅದನ್ನು ಮಾಡುವವರು ಯಾರೆಂಬುದನ್ನು ಬಲ್ಲವರಿಗೆ, ಈ ಪ್ರಶ್ನೆಗಳ ಹಿಂದೆ ಒಬ್ಬ ಗೃಹಿಣಿಯ ತಾಳ್ಮೆಯೂ ಇದ್ದಿತೇನೋ ಎನ್ನಿಸಿದರೆ ತಪ್ಪಿಲ್ಲ.

1980ರಿಂದ 1985ರವರೆಗೆ ನ್ಯೂ ಹೇವನ್, ಬಾಲ್ಟಿಮೋರ್, ಸೇಂಟ್ ಲೂಯಿಸ್, ಡರ್ಹಾಮ್, ಲಾಸ್ ಏಂಜಲಿಸ್ ಎಂಬ ಐದು ಕೇಂದ್ರಗಳಲ್ಲಿ ಸುಮಾರು 20,000 ಮಂದಿಯನ್ನು ಹೀಗೆ ವಿಚಾರಿಸಿದರು. ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಮದ್ಯದ ಪೀಡೆ. ಹೆಂಗಸರಲ್ಲಿ ನಾನಾ ಬಗೆಯ ಭಯಗಳು. ತೊಂದರೆಯಿರುವವರಲ್ಲಿ ಬಹುಪಾಲು ಜನ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಇದೇ ಸಮೀಕ್ಷೆಯನ್ನಾಧರಿಸಿ 1990ರಲ್ಲಿ ಡ್ಯಾರೆಲ್ ರೀಗಿಯರ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕದಂತೆ, ಮದ್ಯದ ಪೀಡೆಯುಳ್ಳವರಲ್ಲಿ ನೂರಕ್ಕೆ 37 ಮಂದಿಗೆ ಜೀವಮಾನದಲ್ಲಿ ಬೇರೊಂದು ಮನೋರೋಗವೂ ಇತ್ತು. ಇತರ ಮಾದಕ ಪದಾರ್ಥಗಳ ಪೀಡೆಯುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 53 ಮಂದಿಗೆ. ಚಿಕಿತ್ಸಾಲಯಗಳಲ್ಲಿಯೂ ಸೆರೆಮನೆಗಳಲ್ಲಿಯೂ ಈ ಜೋಡಿ ಪೀಡೆ ಹೊರಗಿನವರಿಗಿಂತ ಹೆಚ್ಚಾಗಿತ್ತು. ಸೈನಿಕರ ವರದಿಯಲ್ಲಿ ಆಕೆ ಹೇಳಿ ಯಾರೂ ಕೇಳದಿದ್ದ ಮಾತು ಈಗ ಇಪ್ಪತ್ತು ಸಹಸ್ರ ಜನರ ಬಾಯಿಂದ ಹೊರಟಿತ್ತು.

ಈ ಪ್ರಶ್ನಾವಳಿ ಕನ್ನಡನಾಡಿಗೂ ಬಂದುದುಂಟು. ವಿಶ್ವ ಆರೋಗ್ಯ ಸಂಸ್ಥೆಯು ಅದನ್ನೇ ಆಧಾರವಾಗಿಟ್ಟುಕೊಂಡು, ಲೀ ರಾಬಿನ್ಸ್ ಅವರ ನೆರವಿನಿಂದಲೇ, ಎಲ್ಲ ದೇಶಗಳಿಗೂ ಸಲ್ಲುವಂತಹ ಅಂತರರಾಷ್ಟ್ರೀಯ ಪ್ರಶ್ನಾವಳಿಯೊಂದನ್ನು 1980ರ ದಶಕದಲ್ಲಿ ರೂಪಿಸಿತು. 1990ರ ದಶಕದ ಆದಿಯಲ್ಲಿ ಅದೇ ಸಂಸ್ಥೆಯು 14 ದೇಶಗಳ 15 ಕೇಂದ್ರಗಳಲ್ಲಿ, ಜ್ವರ ನೋವುಗಳಿಗೆಂದು ಸಾಮಾನ್ಯ ವೈದ್ಯರ ಬಳಿಗೆ ಬರುವವರಲ್ಲಿ ಎಷ್ಟು ಮಂದಿಗೆ ಮನಸ್ಸಿನ ಬೇನೆಯಿದೆಯೆಂದು ಪರಿಶೀಲಿಸಿದಾಗ ಬೆಂಗಳೂರು ಆ ಕೇಂದ್ರಗಳಲ್ಲೊಂದಾಗಿತ್ತು. ಆ ಅಧ್ಯಯನದಲ್ಲಿ ಒಟ್ಟು 25,000ಕ್ಕೂ ಹೆಚ್ಚು ಜನರನ್ನು ಮೊದಲ ಸುತ್ತಿನಲ್ಲಿ ಪರೀಕ್ಷಿಸಿ, 5,000ಕ್ಕೂ ಹೆಚ್ಚು ಜನರನ್ನು ಈ ಪ್ರಶ್ನಾವಳಿಯಿಂದ ವಿವರವಾಗಿ ವಿಚಾರಿಸಿದರು. ಎಲ್ಲ ಕೇಂದ್ರಗಳನ್ನೂ ಕೂಡಿಸಿ ನೋಡಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಗುರುತಿಸಬಲ್ಲ ಮನೋವ್ಯಾಧಿಯಿತ್ತು. ಅವರು ಬಂದದ್ದು ಮಾತ್ರ ತಲೆನೋವಿಗೋ ಬೆನ್ನುನೋವಿಗೋ.

ಇಂಥ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳುವುದು ಹುಡುಗಾಟವಲ್ಲ. ಬೇಸರ ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಸರ. ಮಗಳನ್ನು ಗಂಡನ ಮನೆಗೆ ಕಳುಹಿಸಿದರೂ ಬೇಸರ. ನೆರೆಮನೆಯವರು ಆಡಿದ ಮಾತಿಗೂ ಬೇಸರ. ಎರಡು ವಾರಗಳ ಕಾಲ ಸತತವಾಗಿ ನಿಮಗೆ ಬೇಸರವಾಗಿತ್ತೆ ಎಂದು ಹಳ್ಳಿಯ ಮುದುಕಿಯನ್ನು ಕೇಳಿದರೆ ಆಕೆ ಯಾವುದಕ್ಕೆ ಉತ್ತರ ಕೊಡಬೇಕು? ಹಾಗೆಯೇ ಎಷ್ಟು ಕುಡಿಯುತ್ತೀಯೆಂಬ ಪ್ರಶ್ನೆ. ಗಂಡನು ಕುಡಿಯುವ ಪ್ರಮಾಣವನ್ನು ಗಂಡನಿಗಿಂತ ಹೆಂಡತಿಯೇ ಖಚಿತವಾಗಿ ಬಲ್ಲಳು. ಪ್ರಶ್ನೆಯನ್ನು ಕೇಳುವುದು ಮಾತ್ರ ಗಂಡನನ್ನು.

1991ರಲ್ಲಿ ಲೀ ರಾಬಿನ್ಸ್ ಅವರು ರೀಗಿಯರ್ ಅವರೊಡನೆ ಐದು ನಗರಗಳ ಸಮೀಕ್ಷೆಯ ಗ್ರಂಥವನ್ನು ಸಂಪಾದಿಸಿ ಹೊರತಂದರು. ಪತಿ ಎಲೈ ರಾಬಿನ್ಸ್ ದೀರ್ಘಕಾಲದ ನರರೋಗದಿಂದ ಬಳಲಿ 1994ರಲ್ಲಿ ತೀರಿಕೊಂಡರು. ಮುಂದಿನ ವರ್ಷಗಳಲ್ಲಿಯೂ ಆಕೆ ವಿಶ್ವವಿದ್ಯಾನಿಲಯದ ಕೆಲಸದಲ್ಲಿ ತೊಡಗಿದ್ದರು. 2009ರ ಸೆಪ್ಟೆಂಬರ್ 25ರಂದು, 87ನೆಯ ವಯಸ್ಸಿನಲ್ಲಿ, ಸೇಂಟ್ ಲೂಯಿಸಿನಲ್ಲಿ ಆಕೆಯ ದೇಹಾಂತವಾಯಿತು. ಅದಕ್ಕೆ ಸರಿಯಾಗಿ 38 ವರ್ಷಗಳ ಹಿಂದಿನ ಸೆಪ್ಟೆಂಬರಿನಲ್ಲಿ ಸೀಸೆಗಳನ್ನು ಹಿಡಿದು ಸರತಿಯಲ್ಲಿ ನಿಂತಿದ್ದ ಆ ಹುಡುಗರು ಅಷ್ಟರಲ್ಲಿ ಅರುವತ್ತರ ಹೊಸ್ತಿಲಲ್ಲಿದ್ದರು.